ದಾಕ್ಷಿಣ್ಯವಿಲ್ಲದ ಸ್ನೇಹಕೂಟ: ದಾನದ ಸೌದೆಗಾಗಿ ಚೈನ್‌ಸಾ ಹಿಡಿಯುವ ಬಗೆ

ಸಭೆಯಲ್ಲಿ ಸೇರಿರುವ ಹಿರಿಯರೇ, ಗೆಳೆಯರೇ,

ಚಳಿಗಾಲದಲ್ಲಿ ಸೌದೆಯ ಒಲೆಯೊಂದನ್ನೇ ನಂಬಿಕೊಂಡು ಮನೆಯನ್ನು ಬೆಚ್ಚಗಿಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಅವರಲ್ಲಿ ಕೆಲವರಿಗೆ ಸೌದೆ ಕೊಳ್ಳುವ ಶಕ್ತಿಯಿಲ್ಲ, ಕೆಲವರ ತೋಳಿನಲ್ಲಿ ಕಡಿಯುವ ಬಲ ಉಳಿದಿಲ್ಲ, ಇನ್ನು ಕೆಲವರ ಮನೆಯಲ್ಲಿ ಸೌದೆ ಒಡೆಯುತ್ತಿದ್ದವರು ಹಾಸಿಗೆ ಹಿಡಿದಿದ್ದಾರೆ. ಅಂಥವರಿಗಾಗಿ ಚೈನ್‌ಸಾ, ಅಂದರೆ ಎಂಜಿನ್‌ನಿಂದ ಓಡುವ ಸರಪಳಿ ಗರಗಸ, ಇರುವ ಗೆಳೆಯರು ಒಂದು ದಿನ ಒಟ್ಟು ಸೇರಿ, ಉರುಳಿಬಿದ್ದ ಮರಗಳನ್ನು ತುಂಡು ಮಾಡಿ, ಸೀಳಿ, ಒಟ್ಟಿ, ಹಂಚುವ ಸ್ನೇಹಕೂಟಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇಂಥ ಹಲವು ಕೂಟಗಳಲ್ಲಿ ದುಡಿದು, ಕೆಲವನ್ನು ಮುಂದೆ ನಿಂತು ನಡೆಸಿದ ಅನುಭವದಿಂದ ಹೇಳುತ್ತೇನೆ: ಈ ಕೆಲಸವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸುವುದು ದಾಕ್ಷಿಣ್ಯ. ಸೌದೆ ಹಸಿಯಾಗಿದೆ ಎಂದು ಹೇಳಲು ಪಡೆಯುವವರಿಗೆ ದಾಕ್ಷಿಣ್ಯ. ದಣಿದ ಗೆಳೆಯನಿಗೆ ಗರಗಸ ಕೆಳಗಿಡು ಎನ್ನಲು ದುಡಿಯುವವರಿಗೆ ದಾಕ್ಷಿಣ್ಯ. ಈ ಎರಡನ್ನೂ ಮೊದಲೇ ಯೋಚಿಸಿ ಕಟ್ಟಿದ ಕೂಟ ಮಾತ್ರ ಕೊಡುವವರಿಗೂ ಪಡೆಯುವವರಿಗೂ ಒಳ್ಳೆಯದನ್ನು ಮಾಡುತ್ತದೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬ ಮಾತು ಪಡೆಯುವವರನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಹಲ್ಲು ನೋಡುವ ಹೊಣೆ ಕೊಡುವವರದ್ದೇ ಆಗಬೇಕು. ನಮ್ಮ ಮೊದಲ ಕೂಟ ಮುಗಿದು ಕೆಲವು ವಾರಗಳಾದ ಮೇಲೆ, ಸೌದೆ ಕೊಟ್ಟಿದ್ದ ಒಂದು ಮನೆಗೆ ನಾನು ಹೋಗಿದ್ದೆ. ಒಂಟಿಯಾಗಿ ಬದುಕುವ ವೃದ್ಧೆಯೊಬ್ಬರ ಮನೆ ಅದು. ಒಲೆಯ ಗಾಜಿನ ಬಾಗಿಲು ಒಳಗಡೆಯಿಂದ ಡಾಂಬರು ಬಳಿದಂತೆ ಕಪ್ಪಾಗಿತ್ತು. ಒಳಗಿದ್ದ ಕೊರಡಿನ ಕೊನೆಯಿಂದ ನೊರೆನೊರೆಯಾಗಿ ನೀರು ಒಸರುತ್ತ, ಸುಯ್ಯೆಂದು ಸದ್ದು ಮಾಡುತ್ತಿತ್ತು. ನಾವು ಕೊಟ್ಟ ತುಂಡುಗಳು ಒಲೆಗಿಂತ ನಾಲ್ಕು ಬೆರಳು ಉದ್ದವಾಗಿದ್ದುದರಿಂದ ಆಕೆ ಅವನ್ನು ಓರೆಯಾಗಿ ತುರುಕಿದ್ದರು. "ಸೌದೆ ಚೆನ್ನಾಗಿದೆಯಪ್ಪ, ತುಂಬಾ ಉಪಕಾರವಾಯಿತು" ಎಂದು ಆಕೆ ಹೇಳಿದಾಗ, ಆ ಕೋಣೆಯಲ್ಲಿ ನನ್ನ ಉಸಿರು ಹಬೆಯಾಗಿ ಕಾಣುತ್ತಿತ್ತು.

ಆಗತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಕೊಡುವುದು ಹೆಚ್ಚುಕಡಿಮೆ 15 ಮೆಗಾಜೂಲ್. ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ನಷ್ಟ ದೊಡ್ಡದೆನಿಸದು. ನಿಜವಾದ ಹಾನಿ ಬೇರೆಡೆ ಇದೆ: ಆ ನೀರು ಬೆಂಕಿಯನ್ನೇ ತಣ್ಣಗಾಗಿಸುತ್ತದೆ, ತಣ್ಣಗಿನ ಬೆಂಕಿಯಲ್ಲಿ ಮರದಿಂದ ಹೊರಟ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಮೇಲೇರುತ್ತವೆ, ಹೊಗೆಕೊಳವೆಯ ಒಳಗೋಡೆಗೆ ಜಿಗುಟು ಮಸಿಯಾಗಿ ಅಂಟಿಕೊಳ್ಳುತ್ತವೆ. ಆ ಮಸಿ ದಪ್ಪಗಟ್ಟಿ ಒಂದು ದಿನ ತಾನೇ ಹೊತ್ತಿಕೊಂಡರೆ ಮನೆಯೇ ಸುಡಬಹುದು. ಹಸಿ ಸೌದೆಯನ್ನು ದಾನ ಮಾಡಿದವನು ಬಡವರ ಮನೆಗೆ ಬೆಂಕಿಯ ಭಯವನ್ನು ತಾನೇ ಹೊತ್ತುತಂದು ಹಾಕಿದಂತೆ.

ಹೀಗಾಗಿ ಈ ಚಳಿಗಾಲಕ್ಕೆ ಬೇಕಾದ ಸೌದೆಯನ್ನು ಈ ಚಳಿಗಾಲದ ಹೊಸ್ತಿಲಲ್ಲಿ ಕಡಿಯಲಾಗದು. ಸೀಳಿ ಒಟ್ಟಿದ ಮೆದು ಮರ ಒಣಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಓಕ್‌ನಂಥ ಗಟ್ಟಿಮರಕ್ಕೆ ಎರಡು ವರ್ಷವೂ ಹಿಡಿಯುತ್ತದೆ. ತೇವ ಶೇಕಡಾ 20ಕ್ಕಿಂತ ಕೆಳಗಿಳಿಯಬೇಕು. ಎರಡು ಮೊಳೆಗಳಿರುವ ಸಣ್ಣ ತೇವಮಾಪಕ ಇದನ್ನು ತೋರಿಸುತ್ತದೆ. ಆದರೆ ಹೊರಮೈಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ, ತುಂಡನ್ನು ಹೊಸದಾಗಿ ಸೀಳಿ, ಒಳಮೈಯ ನಡುಭಾಗಕ್ಕೆ ಚುಚ್ಚಬೇಕು. ಕೂಟ ಪ್ರತಿವರ್ಷ ನಡೆಯಬೇಕೆಂದು ನಾನು ಒತ್ತಾಯಿಸುವುದೂ ಇದೇ ಕಾರಣಕ್ಕೆ. ಈ ವರ್ಷ ಕಡಿದದ್ದು ಮುಂದಿನ ವರ್ಷದವರಿಗೆ, ಓಕ್‌ನಂಥ ಗಟ್ಟಿಮರವಾದರೆ ಅದರಾಚೆಯ ವರ್ಷದವರಿಗೆ; ಹಂಚುವುದು ಹಿಂದೆ ಒಟ್ಟಿಟ್ಟು ಒಣಗಿದ್ದು. ಮೊದಲ ವರ್ಷ ಹಂಚಲು ಏನೂ ಇರುವುದಿಲ್ಲ ಎಂಬುದನ್ನು ಗೆಳೆಯರಿಗೆ ಮುಂಚೆಯೇ ತಿಳಿಸಿ. ಅಂದೇ ಕೊಟ್ಟುಬಿಡುವ ಆಸೆಯನ್ನು ತಡೆದುಕೊಳ್ಳುವುದು ಗರಗಸ ಹಿಡಿಯುವುದಕ್ಕಿಂತ ಕಷ್ಟ.

ಪಡೆಯುವವರ ಒಲೆಗಳನ್ನು ಒಬ್ಬರು ಮೊದಲೇ ಹೋಗಿ ಅಳೆದು ಬರಬೇಕು. 40 ಸೆಂಟಿಮೀಟರ್ ಉದ್ದ ಬಹಳ ಒಲೆಗಳಿಗೆ ಹೊಂದುತ್ತದೆ, ಕೆಲವು ಸಣ್ಣ ಒಲೆಗಳಿಗೆ 25 ಬೇಕಾಗುತ್ತದೆ. ಅದೇ ಉದ್ದದ ಕೋಲಿಗೆ ಬಣ್ಣ ಬಳಿದು, ಒಬ್ಬ ಹುಡುಗನಿಗೋ ಹುಡುಗಿಗೋ ಕೊಟ್ಟು, ದಿಮ್ಮಿಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಸಿದರೆ ಗರಗಸದವರು ಕಣ್ಣಳತೆಯನ್ನು ನೆಚ್ಚಬೇಕಾಗಿಲ್ಲ. ಪ್ರಮಾಣವನ್ನು ಒಟ್ಟಿದ ರಾಶಿಯ ಅಳತೆಯಲ್ಲಿ ಬರೆದಿಡಿ. ಉತ್ತರ ಅಮೆರಿಕದವರು ಬಳಸುವ ಒಂದು ಕಾರ್ಡ್ ಎಂದರೆ ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ ಅಥವಾ ಸುಮಾರು 3.6 ಘನ ಮೀಟರ್. ಅಡ್ಡಾದಿಡ್ಡಿ ಸುರಿದ ರಾಶಿ ಇದಕ್ಕಿಂತ ದೊಡ್ಡದಾಗಿ ಕಂಡರೂ ಅದರಲ್ಲಿ ಗಾಳಿಯೇ ಹೆಚ್ಚು.

ಮರ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸರಳ: ಬಿರುಗಾಳಿಗೆ ಬಿದ್ದದ್ದು, ಜಾಗ ತೆರವು ಮಾಡುವಾಗ ಉರುಳಿಸಿದ್ದು, ಒಡೆಯರು ಬರಹದಲ್ಲಿ ಒಪ್ಪಿಗೆ ಕೊಟ್ಟದ್ದು. ನಿಂತ ಮರವನ್ನು ಕೂಟದ ದಿನ ಕಡಿಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಪಳಗಿದವರು ಜನರಿಲ್ಲದ ಹೊತ್ತಿನಲ್ಲಿ ಮಾಡುವ ಕೆಲಸ. ಬಣ್ಣ ಬಳಿದ ಹಲಗೆ, ಗೆದ್ದಲು ತಡೆಯಲು ರಾಸಾಯನಿಕ ಉಣಿಸಿದ ಕಂಬ ಸೌದೆಯಾಗಬಾರದು, ಅವುಗಳ ಹೊಗೆ ವಿಷ. ಬೇಲಿಯ ಸಾಲಿನಿಂದ ಬಂದ ಮರದೊಳಗೆ ತಂತಿ, ಮೊಳೆ ಹುದುಗಿರುತ್ತವೆ ಎಂಬುದು ನೆನಪಿರಲಿ. ಸೌದೆಯನ್ನು ದೂರದೂರಿಗೆ ಸಾಗಿಸುವುದೂ ತಪ್ಪು. ಪೂರ್ವ ಏಷ್ಯಾದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ಅಲ್ಲಿಂದಾಚೆಗೆ ಅದು ಕೋಟ್ಯಂತರ ಆಶ್ ಮರಗಳನ್ನು ಕೊಂದಿದೆ. ತೊಗಟೆಯ ಕೆಳಗೆ ಅಡಗಿದ ಅದರ ಹುಳುಗಳು ದೂರ ಹರಡಿದ್ದು ಬಹುಮಟ್ಟಿಗೆ ಜನರು ಗಾಡಿಗಳಲ್ಲಿ ಹೊತ್ತೊಯ್ದ ಸೌದೆಯ ಮೂಲಕವೇ. ದಾನ ಹತ್ತಿರದ ಮರದಿಂದ ಹತ್ತಿರದ ಒಲೆಗೆ ಹೋಗಲಿ.

ಇನ್ನು ಕೂಟದ ದಿನದ ಮಾತು. ಕರೆ ಕೊಟ್ಟೊಡನೆ ಹತ್ತು ಜನ ಹತ್ತು ಗರಗಸ ತರುತ್ತೇವೆ ಎನ್ನುತ್ತಾರೆ. ಮೂರು ಸಾಕು ಎಂದು ಹೇಳುವ ಧೈರ್ಯ ನಿಮಗಿರಬೇಕು. ಒಬ್ಬ ಪಳಗಿದವರು ಕತ್ತರಿಸುವ ಮರವನ್ನು ಹೊರಳಿಸಲು, ಹೊರಲು, ಸೀಳಲು, ಒಟ್ಟಲು ಐದಾರು ಮಂದಿ ಬೇಕಾಗುತ್ತದೆ. ಗರಗಸ ಹೆಚ್ಚಾದಷ್ಟೂ ತುಂಡುಗಳು ಕಾಲಿಗೆ ಎಡತಾಕುತ್ತವೆ, ಜನ ಒತ್ತೊತ್ತಾಗುತ್ತಾರೆ, ಯಾರು ಬೇಗ ಎಂಬ ಪೈಪೋಟಿ ಹುಟ್ಟುತ್ತದೆ. ಹೊಸ ಗರಗಸ ಕೊಂಡು ಉತ್ಸಾಹದಿಂದ ಬಂದ ಗೆಳೆಯನನ್ನು ಒಟ್ಟುವ ಕೆಲಸಕ್ಕೆ ಹಾಕುವುದು ಮುಜುಗರದ ವಿಷಯವೇ ಸರಿ. ಅದನ್ನು ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ. ಎಲ್ಲರೆದುರು ಹೇಳಬೇಕಾಗಿ ಬಂದರೆ ನೀವು ಹೇಳುವುದೇ ಇಲ್ಲ.

ಚೈನ್‌ಸಾದ ಸರಪಳಿ ಸೆಕೆಂಡಿಗೆ 20 ಮೀಟರ್ ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಹೆಚ್ಚು. ಅದು ಓಡುವ ಉದ್ದನೆಯ ಬಾರ್‌ನ ಮೂತಿಯಲ್ಲಿ, ಮೇಲಿನ ಕಾಲುಭಾಗ ಎಲ್ಲಕ್ಕಿಂತ ಅಪಾಯದ ಜಾಗ. ಅಲ್ಲಿ ಹಲ್ಲುಗಳು ತಿರುವಿನಲ್ಲಿ ಸುತ್ತುತ್ತಿರುವುದರಿಂದ, ಮರ ತಗುಲಿದೊಡನೆ ಹಲ್ಲೊಂದು ತನ್ನ ಅಳವಿಗೆ ಮೀರಿದ ತುತ್ತನ್ನು ಕಚ್ಚಿ ಸಿಕ್ಕಿಕೊಳ್ಳುತ್ತದೆ. ಮರವನ್ನು ಕೊಯ್ಯಬೇಕಿದ್ದ ಬಲವೆಲ್ಲ ಆಗ ಗರಗಸವನ್ನೇ ಮೇಲಕ್ಕೂ ಹಿಂದಕ್ಕೂ, ಹಿಡಿದವನ ಮುಖದ ಕಡೆಗೆ ಎಸೆಯುತ್ತದೆ. ಇದಷ್ಟೂ ಕಣ್ಣು ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ, ಆಮೇಲೆ ಎಚ್ಚೆತ್ತು ಫಲವಿಲ್ಲ. ಎಡಗೈ ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು, ಮೊಣಕೈ ನೆಟ್ಟಗಿರಬೇಕು, ತಲೆ ಬಾರ್‌ನ ನೇರಕ್ಕೆ ಇರಬಾರದು, ಸರಪಳಿ ತಡೆಯುವ ಬ್ರೇಕ್ ಕೆಲಸ ಮಾಡುತ್ತಿದೆಯೇ ಎಂದು ಬೆಳಿಗ್ಗೆಯೇ ನೋಡಿರಬೇಕು ಎನ್ನುವುದೆಲ್ಲ ಇದಕ್ಕಾಗಿ.

ನಾನು ಉಸ್ತುವಾರಿ ವಹಿಸಿದ್ದ ಒಂದು ಕೂಟದಲ್ಲಿ, ನನಗಿಂತ ಹಿರಿಯರೂ ಹೆಚ್ಚು ಪಳಗಿದವರೂ ಆದ ಒಬ್ಬರಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರು ಗರಗಸದ ಮೂರನೆಯ ಟ್ಯಾಂಕ್ ಪೆಟ್ರೋಲ್ ಖಾಲಿ ಮಾಡುತ್ತಿದ್ದರು. ಅವರ ಮುಂಗೈ ನಡುಗುತ್ತಿದ್ದುದನ್ನು ನಾನು ಕಂಡೆ. ಅಂಥವರಿಗೆ ನಾನು ಹೇಗೆ ಹೇಳಲಿ ಎಂದುಕೊಂಡು ಸುಮ್ಮನಿದ್ದೆ. ಕೊಯ್ಯುತ್ತಿದ್ದ ದಿಮ್ಮಿಯ ಹಿಂದಿದ್ದ ಇನ್ನೊಂದು ಕೊಂಬೆಗೆ ಬಾರ್‌ನ ಮೂತಿ ತಗುಲಿತು. ಗರಗಸ ಎಗರಿತು, ಇಳಿಯುವಾಗ ಅವರ ಎಡತೊಡೆಯನ್ನು ಸವರಿತು. ಹರಿದ ಕೌದಿಯಿಂದ ಹತ್ತಿ ಈಚೆ ಬರುವಂತೆ ಷರಾಯಿಯಿಂದ ಬಿಳಿಯ ಎಳೆಗಳು ಗೊಂಚಲಾಗಿ ಹೊರಬಂದು ಸರಪಳಿಗೆ ಸುತ್ತಿಕೊಂಡವು, ಎಂಜಿನ್ ಗಕ್ಕೆಂದು ನಿಂತಿತು. ಚರ್ಮಕ್ಕೆ ಗೀರೂ ಆಗಿರಲಿಲ್ಲ. ರಕ್ಷಣಾ ಷರಾಯಿ ಕಾಪಾಡುವ ಬಗೆಯೇ ಇದು: ಅದು ಹಲ್ಲನ್ನು ಗಡಸಿನಿಂದ ತಡೆಯುವುದಿಲ್ಲ, ತನ್ನ ಉದ್ದನೆಯ ಎಳೆಗಳನ್ನು ಒಪ್ಪಿಸಿ ಸರಪಳಿಯನ್ನು ತಿರುಗಿಸುವ ಚಕ್ರವನ್ನು ಸಿಕ್ಕಿಸುತ್ತದೆ. ವಿದ್ಯುತ್ ಮೋಟಾರಿನ ಗರಗಸಗಳನ್ನು ಅದು ಅಷ್ಟೇ ಖಚಿತವಾಗಿ ನಿಲ್ಲಿಸುತ್ತದೆಂದು ನಂಬುವಂತಿಲ್ಲ. ಷರಾಯಿ, ಮುಖಕ್ಕೆ ಜಾಲರಿಯಿರುವ ಹೆಲ್ಮೆಟ್, ಕಿವಿ ಮುಚ್ಚುವ ಸಾಧನ, ಗಟ್ಟಿ ಮೂತಿಯ ಬೂಟು ಇಲ್ಲದವರ ಕೈಗೆ ಅಂದಿನಿಂದ ನಮ್ಮಲ್ಲಿ ಗರಗಸ ಕೊಡುವುದಿಲ್ಲ.

ಅಂದಿನಿಂದಲೇ ಕೆಂಪು ಬಟ್ಟೆಯ ನಿಯಮವೂ ಬಂತು. ಗರಗಸದ ಸದ್ದು 100 ಡೆಸಿಬೆಲ್ ಮೀರುತ್ತದೆ, ಕಿವಿ ಮುಚ್ಚಿಕೊಂಡವರಿಗೆ ಕೂಗೂ ಕೇಳದು, ಸೀಟಿಯೂ ಕೇಳದು. ಆದ್ದರಿಂದ ಅಂಗಳದ ನಾಲ್ಕು ಮೂಲೆಗಳಲ್ಲಿ ಕೋಲಿಗೆ ಕಟ್ಟಿದ ಕೆಂಪು ಬಟ್ಟೆ ಇಟ್ಟಿರುತ್ತೇವೆ. ಯಾರೇ ಎತ್ತಿ ಹಿಡಿದರೂ ಎಲ್ಲ ಎಂಜಿನ್‌ಗಳೂ ನಿಲ್ಲಬೇಕು, ಏಕೆ ಎತ್ತಿದೆ ಎಂದು ಗದರುವಂತಿಲ್ಲ. ಬೆಳಗಿನ ಸಭೆಯಲ್ಲಿ ಅಲ್ಲಿರುವವರಲ್ಲೇ ಚಿಕ್ಕವರ ಕೈಯಿಂದ ಒಮ್ಮೆ ಎತ್ತಿಸಿ, ಹಿರಿಯರು ಎಂಜಿನ್ ಆರಿಸುವುದನ್ನು ಎಲ್ಲರೂ ನೋಡುವಂತೆ ಮಾಡುತ್ತೇವೆ. ದಣಿವಿನ ವಿಷಯದಲ್ಲಿ ಹೇಳುವ ಕಷ್ಟವನ್ನು ಮನುಷ್ಯರಿಂದ ತೆಗೆದು ಟ್ಯಾಂಕಿಗೆ ವಹಿಸಿದ್ದೇವೆ. ಒಂದು ಟ್ಯಾಂಕ್ ಹೆಚ್ಚುಕಡಿಮೆ ಮುಕ್ಕಾಲು ಗಂಟೆ ಬರುತ್ತದೆ. ಅದು ಮುಗಿದಾಗ ಗರಗಸ ಕೆಳಗಿಟ್ಟು, ಮುಂದಿನ ಮುಕ್ಕಾಲು ಗಂಟೆ ಹೊರುವುದಕ್ಕೋ ಒಟ್ಟುವುದಕ್ಕೋ ಹೋಗಬೇಕು. ಮೂರನೆಯ ಟ್ಯಾಂಕ್ ಯಾರಿಗೂ ಇಲ್ಲ. ನಡುಕ ಬೆರಳಿಗೇರಿ, ವರ್ಷಗಟ್ಟಲೆ ದುಡಿದವರ ಬೆರಳು ಚಳಿಯಲ್ಲಿ ಬಿಳಿಚಿ ಮರಗಟ್ಟುವ ರೋಗವನ್ನು ದೂರವಿಡಲೂ ಈ ಬಿಡುವು ಒಳ್ಳೆಯದು.

ಎಂಜಿನ್ ತಣಿದ ಮೇಲೆಯೇ ಪೆಟ್ರೋಲ್ ತುಂಬಿಸಿ, ತುಂಬಿಸಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಚಾಲೂ ಮಾಡಬೇಕು. ಆ ಬಿಡುವಿನಲ್ಲಿ ಸರಪಳಿಗೆ ಅರ ಹಾಕಲು ಒಂದು ಮೇಜು, ಬಲ್ಲ ಒಬ್ಬರು, ಸರಪಳಿಗೆ ತಕ್ಕಂತೆ 4, 4.8, 5.5 ಮಿಲಿಮೀಟರ್ ದಪ್ಪದ ದುಂಡು ಅರಗಳು ಇರಲಿ. ಹರಿತವಾದ ಸರಪಳಿ ಚಕ್ಕೆ ಎಸೆಯುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಟ್ಟು ಉದುರಿಸುವ ಗರಗಸವನ್ನು ಒತ್ತಿ ಕೊಯ್ಯುವವನು ಬೇಗ ದಣಿಯುತ್ತಾನೆ, ದಣಿದವನು ಎಡವುತ್ತಾನೆ. ಇಂದು ನಾವು ಬಳಸುವ ಹಲ್ಲಿನ ಆಕಾರ ಹುಳುವೊಂದರಿಂದ ಬಂದದ್ದು. 1940ರ ದಶಕದಲ್ಲಿ ಅಮೆರಿಕದ ಆರಿಗನ್‌ನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ಜೀರುಂಡೆಯ ಹುಳು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಮರವನ್ನು ಎರೆಯುತ್ತ ಸಾಗುವುದನ್ನು ಗಮನಿಸಿ, ಅದೇ ಬಗೆಯ ಹಲ್ಲಿನ ಸರಪಳಿಯನ್ನು ಮಾಡಿದರು. ಅರ ಹಾಕುವಾಗ ಆ ಬಾಗನ್ನೇ ನಾವು ಮತ್ತೆ ಮತ್ತೆ ಉಳಿಸಿಕೊಳ್ಳುತ್ತಿರುತ್ತೇವೆ.

ದಿಮ್ಮಿಯನ್ನು ತುಂಡು ಮಾಡುವಾಗ ಅದು ಎಲ್ಲಿ ಒತ್ತಿಕೊಂಡಿದೆ, ಎಲ್ಲಿ ಸೆಳೆದುಕೊಂಡಿದೆ ಎಂದು ಮೊದಲು ನೋಡಬೇಕು. ಎರಡೂ ತುದಿ ಊರಿ ನಡು ತೂಗುತ್ತಿದ್ದರೆ ಮೇಲ್ಭಾಗ ಒತ್ತಿರುತ್ತದೆ. ಮೇಲಿನಿಂದ ಮೂರನೆಯ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ತುದಿ ಗಾಳಿಯಲ್ಲಿ ಚಾಚಿದ್ದರೆ ಇದರ ತಿರುಗುಮುರುಗು. ಬಾರ್ ಸಿಕ್ಕಿಕೊಂಡರೆ ಎಂಜಿನ್ ನಿಲ್ಲಿಸಿ ಪ್ಲಾಸ್ಟಿಕ್ ಬೆಣೆ ಹೊಡೆಯಿರಿ. ಗರಗಸದವರ ನಡುವೆ ಕನಿಷ್ಠ ಐದು ಮೀಟರ್ ಅಂತರವಿರಲಿ, ಸೀಳುವ ಜಾಗ ಬೇರೆಯೇ ಇರಲಿ. ಸೀಳುವ ಯಂತ್ರದ ಸನ್ನೆಕೋಲನ್ನೂ ತುಂಡನ್ನೂ ಒಬ್ಬರೇ ಹಿಡಿಯಬೇಕು. ಒಬ್ಬರು ತುಂಡು ಹಿಡಿದು ಇನ್ನೊಬ್ಬರು ಸನ್ನೆಕೋಲು ಒತ್ತಿದಾಗಲೇ ಬೆರಳುಗಳು ಹೋಗುವುದು. ರಕ್ತ ನಿಲ್ಲಿಸುವ ಬಿಗಿಪಟ್ಟಿ, ಅದನ್ನು ಕಟ್ಟಲು ಕಲಿತವರು, ಆಂಬುಲೆನ್ಸ್‌ಗೆ ಹೇಳಬೇಕಾದ ಜಾಗದ ಗುರುತು ಬರೆದ ಚೀಟಿ, ಇವಿಲ್ಲದೆ ಮೊದಲ ಎಂಜಿನ್ ಚಾಲೂ ಆಗಬಾರದು.

ಸೀಳಿದ್ದನ್ನು ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ, ಗಾಳಿ ಬರುವ ಕಡೆಗೆ ಮುಖ ಮಾಡಿ ಒಟ್ಟಿ, ತಲೆಗೆ ಮಾತ್ರ ಹೊದಿಕೆ ಹಾಕಬೇಕು. ಸುತ್ತಲೂ ಮುಚ್ಚಿದರೆ ಅದು ಬೆವರುತ್ತದೆ. ಒಟ್ಟಿಲಿಗೆ ಕಡಿದ ತಿಂಗಳು, ವರ್ಷ ಬರೆದ ಹಲಗೆ ತೂಗುಹಾಕಿ.

ಹಂಚುವ ದಿನ ಗೇಟಿನ ಮುಂದೆ ಸುರಿದು ಬರಬೇಡಿ. ಹೊರಲಾರದವರಿಗೇ ಅಲ್ಲವೇ ನಾವು ಕೊಡುತ್ತಿರುವುದು? ಒಲೆಗೆ ಹತ್ತಿರದ ಮಾಡಿನವರೆಗೆ ಒಯ್ದು ಒಟ್ಟಿಕೊಟ್ಟು, ಒಂದು ಬುಟ್ಟಿ ಸಣ್ಣ ಸಿಬಿರನ್ನೂ ಜೊತೆಗಿಟ್ಟು ಬನ್ನಿ. ಭಾವಚಿತ್ರ ತೆಗೆಯುವುದು ಬೇಡ. ಚಳಿ ಬಲಿತ ಮೇಲೆ ಒಂದು ಸಂಜೆ ಆ ದಾರಿಯಲ್ಲಿ ಮತ್ತೆ ನಡೆದು ಹೋಗಿ, ಸೌದೆ ಹೇಗಿದೆ ಎಂದು ಕೇಳಿ ಅವರನ್ನು ದಾಕ್ಷಿಣ್ಯಕ್ಕೆ ಸಿಕ್ಕಿಸದೆ, ತಲೆಯೆತ್ತಿ ಹೊಗೆಕೊಳವೆಯನ್ನು ನೋಡಿ. ಹೊಗೆ ದಟ್ಟ ಬೂದು ಬಣ್ಣದಲ್ಲಿ ಭಾರವಾಗಿ ಛಾವಣಿಯ ಮೇಲೆ ಉರುಳುತ್ತಿದ್ದರೆ, ಮರುದಿನವೇ ತೇವಮಾಪಕ ಹಿಡಿದು ನಿಮ್ಮ ಒಟ್ಟಿಲಿಗೆ ಹೋಗಿ, ಒಣಗಿದ ಸಾಲನ್ನು ಹುಡುಕಿ, ಆ ಮನೆಯ ಸೌದೆಯನ್ನು ಬದಲಿಸಿ ಕೊಡಿ. ಕೊಳವೆಯ ಬಾಯಿಯಲ್ಲಿ ಬಿಸಿಗಾಳಿಯ ನಡುಕವಷ್ಟೇ ಕಂಡು, ಹೊಗೆ ಕಂಡೂ ಕಾಣದಂತಿದ್ದರೆ, ಬಾಗಿಲು ತಟ್ಟದೆ ಮುಂದಿನ ಮನೆಗೆ ನಡೆಯಿರಿ.