4 ಕೆಜಿ ತೆಗೆದರೆ 70 ಕೆಜಿ ಇಳಿಯುತ್ತದೆ, ಆದರೆ ಮೊದಲ ಗೇರ್‌ನಲ್ಲಿ ಮಾತ್ರ

ಕಾರಿನ ತೂಕ ಇಳಿಸಿದರೆ ಪಿಕಪ್ ಜಾಸ್ತಿ ಆಗುತ್ತದೆ, ಇದು ಎಲ್ಲರಿಗೂ ಗೊತ್ತು. ಹಿಂದಿನ ಸೀಟ್ ಬಿಚ್ಚಿ ಮನೆಯಲ್ಲಿಟ್ಟು ಬರುವವರೂ ಇದ್ದಾರೆ. ಆದರೆ ಸುಮ್ನೆ ಕೂತಿರುವ ಸೀಟಿನ ತೂಕದ ಲೆಕ್ಕ ಬೇರೆ, ಗಿರಗಿರ ತಿರುಗುವ ಭಾಗದ ತೂಕದ ಲೆಕ್ಕವೇ ಬೇರೆ.

ಇದು ತುಮಕೂರಿನ ಬಟವಾಡಿ ಹತ್ತಿರ ನಮಗೆ ಪರಿಚಯ ಇರುವ ಗ್ಯಾರೇಜ್. ಬೆಂಚಿನ ಮೇಲಿರುವುದು ಹಳೆಯ ಫ್ಲೈವೀಲ್, ಅಂದರೆ ಇಂಜಿನ್ ಮತ್ತು ಕ್ಲಚ್ ನಡುವೆ ಕೂತು ಇಂಜಿನ್ ಜೊತೆಗೇ ತಿರುಗುವ ಭಾರದ ತಟ್ಟೆ. ಅಂಚಿನ ಸುತ್ತ ಹಲ್ಲು ಕಾಣುತ್ತಿದೆಯಲ್ಲ, ಅದು ರಿಂಗ್ ಗೇರ್, ಸ್ಟಾರ್ಟರ್ ಮೋಟಾರ್ ಬಂದು ಕಚ್ಚುವುದು ಅಲ್ಲಿಗೇ. ಮಧ್ಯೆ ನೀಲಿ ಕಲೆ ಇದೆ ನೋಡಿ. ಅದು ಬಣ್ಣ ಅಲ್ಲ, ಕ್ಲಚ್ ಜಾರಿ ಜಾರಿ ಕಬ್ಬಿಣ ಕಾದ ಗುರುತು. ಯಾರೋ ಪುಣ್ಯಾತ್ಮರು ಹಾಫ್ ಕ್ಲಚ್‌ನಲ್ಲೇ ಊರೆಲ್ಲ ಸುತ್ತಿದ್ದಾರೆ.

ಇದರ ಕೆಲಸ ಬೀಸುವ ಕಲ್ಲಿನ ಹಾಗೆ. ತಿರುಗಿಸಲು ಶುರು ಮಾಡುವಾಗ ಕಷ್ಟ, ಒಮ್ಮೆ ತಿರುಗಿದ ಮೇಲೆ ನಿಲ್ಲಿಸುವುದೂ ಕಷ್ಟ. ಇಂಜಿನ್ ಶಕ್ತಿ ಕೊಡುವುದು ಬಿಟ್ಟು ಬಿಟ್ಟು, ಒಂದೊಂದು ಸಿಲಿಂಡರ್ ಉರಿದಾಗ ಒಂದೊಂದು ಹೊಡೆತ. ಆ ಹೊಡೆತಗಳ ನಡುವಿನ ಖಾಲಿ ಜಾಗ ತುಂಬಿ ಓಟ ನಯವಾಗಿಸುವುದು ಈ ತೂಕ.

ಈಗ ಅಂದಾಜಿಗೆ ಒಂದು ಲೆಕ್ಕ. ಫ್ಲೈವೀಲ್ 8 ಕೆಜಿ, ಅಗಲ 26 ಸೆಂ.ಮೀ., ಟೈರ್ ಎತ್ತರ 60 ಸೆಂ.ಮೀ. ಅಂದುಕೊಳ್ಳಿ. ಮೊದಲ ಗೇರ್‌ನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಇಂಜಿನ್ 14 ಸುತ್ತು ಹಾಕುತ್ತದೆ ಅಂತಿಟ್ಟುಕೊಳ್ಳಿ. ಈ 14 ಸುಮ್ನೆ 14 ಆಗಿ ಲೆಕ್ಕಕ್ಕೆ ಬರುವುದಿಲ್ಲ, 14ನ್ನು 14ರಿಂದ ಗುಣಿಸಬೇಕು, 196. ಆದರೆ ಫ್ಲೈವೀಲ್ ಟೈರ್‌ಗಿಂತ ಚಿಕ್ಕದು, ತೂಕವೂ ಅಂಚಿನಲ್ಲಷ್ಟೇ ಅಲ್ಲ, ತಟ್ಟೆ ತುಂಬ ಹರಡಿದೆ, ಅದಕ್ಕೆ 8ನ್ನು 196ರಿಂದ ಗುಣಿಸಿದ್ದರಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ 8 ಕೆಜಿ ಫ್ಲೈವೀಲ್ ಮೊದಲ ಗೇರ್‌ನಲ್ಲಿ ಕಾರಿನ ಮೇಲೆ ಹೆಚ್ಚುಕಮ್ಮಿ 145 ಕೆಜಿ ಹೇರಿದಷ್ಟು ಎಳೆಯುತ್ತದೆ, ಅಂದರೆ ಇಬ್ಬರು ದಪ್ಪ ಆಸಾಮಿಗಳು. ಅದೇ ಅಳತೆಯ 4 ಕೆಜಿಯದನ್ನು ಹಾಕಿ, ಒಬ್ಬರು ಇಳಿದು ಹೋಗುತ್ತಾರೆ. 70 ಕೆಜಿ! ಆದರೆ ನಾಲ್ಕನೇ ಗೇರ್‌ಗೆ ಬನ್ನಿ, ಅಲ್ಲಿ 14ರ ಜಾಗದಲ್ಲಿ 4 ಇದ್ದರೆ ಇಳಿಯುವುದು ಬರೀ 6 ಕೆಜಿ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಾರ್ಸ್‌ಪವರ್ ಕೂಡ ಒಂದು ಚೂರೂ ಏರುವುದಿಲ್ಲ. ಕೆಲವು ಡೈನೋಗಳಲ್ಲಿ (ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಏರಿದ ಹಾಗೆ ಕಾಣುತ್ತದೆ, ಯಾಕೆಂದರೆ ರೋಲರ್ ಎಷ್ಟು ಬೇಗ ವೇಗ ಹಿಡಿಯಿತು ಅನ್ನುವುದರಿಂದಲೇ ಅವು ಪವರ್ ಲೆಕ್ಕ ಹಾಕುತ್ತವೆ. ಆ ಪ್ರಿಂಟೌಟ್ ತೋರಿಸಿದರೆ ನಂಬಬೇಡಿ.

ತಿರುಗುವ ತೂಕ ಕಡಿಮೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಲೆಕ್ಸಸ್ ಎಲ್‌ಎಫ್‌ಎ ನೋಡಿ. ಅದರ ವಿ10 ಇಂಜಿನ್ ಐಡಲ್‌ನಿಂದ 9,000 ಆರ್‌ಪಿಎಂಗೆ 0.6 ಸೆಕೆಂಡಿನಲ್ಲಿ ಏರುತ್ತದೆ. ಮುಳ್ಳಿನ ಮೀಟರ್ ಆ ಓಟಕ್ಕೆ ಸಾಟಿಯಾಗಲಿಲ್ಲ ಅಂತ ಡಿಜಿಟಲ್ ಮೀಟರ್ ಹಾಕಿದರು. ಪೋರ್ಷೆ 2016ರ 911 ಆರ್ ಕಾರಿಗೆ ಹಗುರ ಫ್ಲೈವೀಲ್ ಆಯ್ಕೆ ಕೊಟ್ಟಿತ್ತು, ಇಳಿದದ್ದು 5 ಕೆಜಿ.

ಇನ್ನು ಕಾರ್ಬನ್ ಫೈಬರ್ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಇಂಜಿನ್ ಶಕ್ತಿಯನ್ನು ಕಾರಿನ ಹಿಂದಕ್ಕೆ ಒಯ್ಯುವ ಉದ್ದ ದಂಡ. ಮಜ್ದಾ ಆರ್‌ಎಕ್ಸ್-8, ನಿಸ್ಸಾನ್ ಜಿಟಿ-ಆರ್, 2014ರ ಬಿಎಂಡಬ್ಲ್ಯು ಎಂ3 ಮತ್ತು ಎಂ4, ಎಲ್ಲದರಲ್ಲೂ ಇತ್ತು. ಕೇಳಲು ಭಾರೀ ಚೆನ್ನಾಗಿದೆ ಅಲ್ವಾ? ಆದರೆ ಶಾಫ್ಟ್ ಕಡಿಮೆ ಅಗಲದ ಕೊಳವೆ, ತೂಕವೆಲ್ಲ ನಡುವಿನ ಹತ್ತಿರವೇ ಇರುತ್ತದೆ, ಹಾಗಾಗಿ ತಿರುಗಿಸಲು ಅದು ಹೇಗೂ ಹಗುರವೇ. ಪಿಕಪ್‌ಗೆ ಸಿಗುವುದು ಅಲ್ಪ. ನಿಜವಾದ ಲಾಭ ಬೇರೆ: ಕಾರ್ಬನ್ ಗಟ್ಟಿ ಇರುವುದರಿಂದ ಉದ್ದ ಶಾಫ್ಟ್ ಜೋರು ವೇಗದಲ್ಲೂ ಬಳುಕಿ ನಡುಗುವುದಿಲ್ಲ, ನಡುವೆ ಬೇರಿಂಗ್ ಇಲ್ಲದೆ ಒಂದೇ ತುಂಡಿನಲ್ಲಿ ಮಾಡಬಹುದು.

ಹ್ಯಾಂಡ್ಲಿಂಗ್ ವಿಷಯಕ್ಕೆ ಬಂದರೆ ನನ್ನ ಓಟು ಚಕ್ರಕ್ಕೆ. ರಿಮ್‌ನಲ್ಲಿ ಒಂದು ಕೆಜಿ ಇಳಿದರೆ ಪಿಕಪ್‌ಗೆ ಸುಮಾರು ಒಂದೂವರೆ ಕೆಜಿ ಇಳಿದಷ್ಟು, ಅದೂ ಎಲ್ಲ ಗೇರ್‌ನಲ್ಲೂ. ಅದಕ್ಕಿಂತ ಮುಖ್ಯ, ಆ ತೂಕ ಸಸ್ಪೆನ್ಷನ್ ಸ್ಪ್ರಿಂಗ್‌ನ ಕೆಳಗಿರುತ್ತದೆ. ದೇವರಾಯನದುರ್ಗ ಬೆಟ್ಟದ ತಿರುವಿನಲ್ಲಿ ಗುಂಡಿ ಸಿಕ್ಕಿತು ಅನ್ನಿ, ಭಾರದ ಚಕ್ರ ಮೇಲೆ ಹಾರಿದರೆ ರಸ್ತೆಗೆ ವಾಪಸ್ ಬರುವುದು ತಡ, ಅಷ್ಟು ಹೊತ್ತು ಟೈರ್‌ಗೆ ಹಿಡಿತ ಇಲ್ಲ. ಬೊಲೆರೋದಲ್ಲಿ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಸಮೇತ ಇಡೀ ಹಿಂದಿನ ಆಕ್ಸಲ್ ಚಕ್ರದ ಜೊತೆ ಕುಣಿಯುತ್ತದೆ. ಸ್ಪೋರ್ಟ್ಸ್ ಕಾರ್‌ನಲ್ಲಿ ಡಿಫರೆನ್ಷಿಯಲ್ಲನ್ನು ಕಾರಿನ ಚೌಕಟ್ಟಿಗೆ ಬಿಗಿಯುವುದೇ ಇದಕ್ಕೆ. ಜಾಗ್ವಾರ್ ಇ-ಟೈಪ್‌ನಲ್ಲಂತೂ ಹಿಂದಿನ ಬ್ರೇಕ್‌ಗಳನ್ನೂ ಒಳಗೆ, ಡಿಫರೆನ್ಷಿಯಲ್ ಪಕ್ಕ ಇಟ್ಟಿದ್ದರು. ಒಂದು ಮಾತು, ಅಲಾಯ್ ಅಂದ ಮಾತ್ರಕ್ಕೆ ಹಗುರ ಅಲ್ಲ. 15 ಇಂಚು ತೆಗೆದು ಅಗ್ಗದ 17 ಹಾಕಿಸಿದರೆ ತೂಕ ಏರಿ, ಅಂಚಿಗೂ ಸರಿಯುತ್ತದೆ. ತೂಕ ಹಾಕಿ ನೋಡಿ ತೆಗೆದುಕೊಳ್ಳಿ.

ಹಗುರ ಫ್ಲೈವೀಲ್‌ನ ತೊಂದರೆ? ಅದೇ ಬೆಟ್ಟದ ಏರಿನಲ್ಲಿ, ಮುಂದೆ ಬಸ್ಸು, ರಸ್ತೆ ಮೇಲೆ ಕೋತಿ, ನಿಲ್ಲಿಸಿ ಮತ್ತೆ ಹೊರಡಬೇಕು. ಕ್ಲಚ್ ಬಿಡುವಾಗ ಆಸರೆ ಕೊಡುವ ತೂಕ ಇಲ್ಲ, ಇಂಜಿನ್ ಪಟ್ಟಂತ ಆಫ್. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ತಟ್ಟೆ, ನಡುವೆ ಸ್ಪ್ರಿಂಗ್) ಇದ್ದ ಕಾರಿಗೆ ಒಂಟಿ ತಟ್ಟೆಯದು ಹಾಕಿದರೆ ನ್ಯೂಟ್ರಲ್‌ನಲ್ಲೇ ಗೇರ್‌ಬಾಕ್ಸ್ ಗಡಗಡ ಅನ್ನುತ್ತದೆ, ನಡುಕವನ್ನು ನುಂಗುತ್ತಿದ್ದ ಸ್ಪ್ರಿಂಗ್‌ಗಳೇ ಹೋದವಲ್ಲ.

"ಅಣ್ಣಾ, ಇದನ್ನೇ ಲೇತ್‌ಗೆ ಹಾಕಿ ಸವೆಸಿದರೆ ಆಗಲ್ವಾ?" ಅಂತ ಬೆಂಚಿನ ಮೇಲಿದ್ದ ಫ್ಲೈವೀಲ್ ತೋರಿಸಿ ಗ್ಯಾರೇಜಿನ ಮೆಕ್ಯಾನಿಕ್‌ಗೆ ಅಂದೆ.

"ಸವೆಸಬಹುದು ಸಾರ್. ಆಮೇಲೆ ಆ ಕಾರಲ್ಲಿ ನಾನು ಕೂರಲ್ಲ."

ಸರಿಯಾಗೇ ಹೇಳಿದರು. ಇದು ಎರಕದ ಕಬ್ಬಿಣ, ತೆಳು ಮಾಡಿ ಜೋರಾಗಿ ತಿರುಗಿಸಿದರೆ ಸೀಳಿ ಸಿಡಿಯಬಹುದು, ಅದೂ ಇಂಜಿನ್ ಹಿಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ ನಿಮ್ಮ ಕಾಲಿನ ಪಕ್ಕದಲ್ಲೇ. ಹಾಕಿಸುವುದಾದರೆ ಫೋರ್ಜ್ ಮಾಡಿದ, ಅಂದರೆ ಎರಕ ಹೊಯ್ಯದೆ ಒತ್ತಿ ಬಡಿದು ಮಾಡಿದ ಉಕ್ಕಿನದು, ಇಲ್ಲವೇ ಕ್ಲಚ್ ಉಜ್ಜುವ ಕಡೆ ಉಕ್ಕಿನ ತಟ್ಟೆ ಇರುವ ಅಲ್ಯೂಮಿನಿಯಂನದು. ನಾನಾದರೆ ಮೊದಲು ಹಗುರ ರಿಮ್ ಮತ್ತು ಒಳ್ಳೆಯ ಟೈರ್‌ಗೆ ದುಡ್ಡು ಹಾಕುತ್ತೇನೆ. ಫ್ಲೈವೀಲ್ ಬೇಕೇ ಬೇಕು, ಟ್ರ್ಯಾಕ್‌ನಲ್ಲೂ ಓಡಿಸುತ್ತೀರಿ ಅಂದರೆ ಕ್ಲಚ್ ಪ್ಲೇಟ್ ಸವೆಯುವ ತನಕ ಕಾಯಿರಿ. ಗೇರ್‌ಬಾಕ್ಸ್ ಆಗ ಹೇಗೂ ಇಳಿಸಬೇಕು, ಲೇಬರ್ ಒಂದೇ ಸಲಕ್ಕೆ ಮುಗಿಯುತ್ತದೆ.