ರೂಮು ಕೇಳಿಸ್ಬೇಕು

ಈಗ ಕಡ್ಡಿ ಬಡಿದ ಸದ್ದು ಕೇಳಿಸ್ತಲ್ಲ, ಅದು ಡೇವ್ ಗ್ರೋಲ್, ಅಮೆರಿಕದ ರಾಕ್ ಬ್ಯಾಂಡ್ ನಿರ್ವಾನಾದ ಡ್ರಮ್ಮರ್. ನಿರ್ವಾನಾದ ಇನ್ ಯುಟೆರೊ ಆಲ್ಬಮ್ ಶುರುವಾಗೋದೇ ಹಾಗೆ, ಡ್ರಮ್ ಕಡ್ಡಿ ಎರಡನ್ನೂ ಒಂದಕ್ಕೊಂದು ಟಕ್ ಟಕ್ ಅಂತ ಬಡೀತಾನೆ, ಆಮೇಲೆ ಮೂರೂ ಜನ ಒಟ್ಟಿಗೆ ದಡಾರ್ ಅಂತ ಬೀಳ್ತಾರೆ. ಇನ್ನೊಂದ್ಸಲ ಹಾಕ್ತೀನಿ, ಈ ಸಲ ಕಡ್ಡೀನ ಕೇಳ್ಬೇಡಿ, ಕಡ್ಡಿ ಸದ್ದು ಹೋಗಿ ಗೋಡೆಗೆ ತಾಗಿ ವಾಪಸ್ ಬರುತ್ತಲ್ಲ ಅದನ್ನ ಕೇಳಿ. ಅಲ್ಲೊಂದು ರೂಮಿದೆ. ನಾನು ಇವತ್ತು ಹೇಳೋಕೆ ಬಂದಿರೋದೆಲ್ಲ ಆ ರೂಮಿನ ಬಗ್ಗೇನೇ.

ನನಗೆ ಗಿಟಾರ್ ಬರಲ್ಲ, ನೊಟೇಶನ್ ಓದೋಕೆ ಬರಲ್ಲ, ಕ್ಯಾಸೆಟ್ ಕಾಲದಿಂದ ಕೇಳ್ತಾ ಬಂದಿದೀನಿ ಅಷ್ಟೇ. ಆದ್ರೆ ನಾನು ಹುಟ್ಟಿ ಬೆಳೆದಿದ್ದು ಸಾಗರದ ಕಡೆ, ಯಕ್ಷಗಾನದ ಆಟ ನೋಡ್ಕೊಂಡು ಬೆಳೆದವನು. ಚೆಂಡೆ ಸದ್ದು ರಾತ್ರಿ ಗದ್ದೆ ದಾಟಿ ಬರುವಾಗ ಅದರ ಜೊತೆಗೆ ಆ ಬಯಲೂ ಬರುತ್ತೆ, ಎಷ್ಟು ದೂರ, ಮಧ್ಯೆ ತೋಟ ಇದೆಯಾ, ಮಂಜು ಬಿದ್ದಿದೆಯಾ ಎಲ್ಲ ಗೊತ್ತಾಗುತ್ತೆ. ಅದೇ ಚೆಂಡೇನ ಕಲ್ಯಾಣ ಮಂಟಪದಲ್ಲಿ ಬಾಯಿಗೇ ಮೈಕ್ ಇಟ್ಟಹಾಗೆ ಇಟ್ಟು ಬಾರಿಸಿದ್ರೆ ಕಿವಿ ಗುಂಯ್ ಅನ್ನುತ್ತೆ, ಬೇರೇನೂ ಇಲ್ಲ. ರಾಕ್ ಆಲ್ಬಮ್ಮನ್ನೂ ನಾನು ಹೀಗೇ ಅಳೆಯೋದು.

ಅದಕ್ಕೇ ಮೊದಲ ಮಾತು ನೇರವಾಗಿ ಹೇಳ್ಬಿಡ್ತೀನಿ, ಅದೇ ಬ್ಯಾಂಡಿನ ಹಿಂದಿನ ಆಲ್ಬಮ್ ನೆವರ್‌ಮೈಂಡ್‌ಗಿಂತ ಇನ್ ಯುಟೆರೊ ದೊಡ್ಡ ಆಲ್ಬಮ್. ನೆವರ್‌ಮೈಂಡ್ 1991ರ ಸೆಪ್ಟೆಂಬರಲ್ಲಿ ಬಂತು, 1992ರ ಜನವರಿಗೆ ಮೈಕಲ್ ಜಾಕ್ಸನ್‌ನ ಡೇಂಜರಸ್‌ನ ಕೆಳಗಿಳಿಸಿ ಅಮೆರಿಕದಲ್ಲಿ ನಂಬರ್ ಒನ್ ಆಯ್ತು, ಜಗತ್ತು ಬದಲಾಯ್ತು, ಎಲ್ಲ ಸರಿ. ಹಾಡುಗಳೂ ಅದ್ಭುತವೇ. ಆದ್ರೆ ಬುಚ್ ವಿಗ್ ರೆಕಾರ್ಡ್ ಮಾಡಿ ಆಂಡಿ ವಾಲೇಸ್ ಮಿಕ್ಸ್ ಮಾಡಿದ ಮೇಲೆ, ಅಂದ್ರೆ ಬೇರೆಬೇರೆ ರೆಕಾರ್ಡ್ ಮಾಡಿದ್ದನ್ನೆಲ್ಲ ಹದವಾಗಿ ಕೂಡಿಸಿದ ಮೇಲೆ, ಅದಕ್ಕೆ ಹೊಸ ಕಾರಿಗೆ ಹೊಡೆದ ಪಾಲಿಶ್ ಥರ ಒಂದು ಹೊಳಪು ಬಂತು, ಬ್ಯಾಂಡಿನ ಹಾಡುಗಾರ ಕರ್ಟ್ ಕೋಬೇನ್‌ಗೇ ಆಮೇಲೆ ಅದು ಹಿಡಿಸ್ಲಿಲ್ಲ. ಅದಕ್ಕೇ ಮುಂದಿನ ಆಲ್ಬಮ್‌ಗೆ ಸ್ಟೀವ್ ಆಲ್ಬಿನಿಯನ್ನ ಕರೆದ.

ಈ ಆಲ್ಬಿನಿ ವಿಚಾರದಲ್ಲಿ ಸ್ವಲ್ಪ ನಿಲ್ಬೇಕು, ಯಾಕಂದ್ರೆ ನನಗೆ ಈ ಮನುಷ್ಯನ ಮೇಲೆ ಬಹಳ ಗೌರವ. ತನ್ನನ್ನ ಪ್ರೊಡ್ಯೂಸರ್ ಅಂತ ಕರೆಯೋದೇ ಬೇಡ, ನಾನು ಇಂಜಿನಿಯರ್ ಅಂತಿದ್ದ. ಬ್ಯಾಂಡ್‌ಗೆ ಮೊದಲೇ ಪತ್ರ ಬರೆದು ಹೇಳಿದ್ದ, ಪ್ಲಂಬರ್‌ಗೆ ಕೊಡೋ ಹಾಗೆ ನನಗೂ ಕೆಲಸಕ್ಕೆ ಕೂಲಿ ಕೊಡಿ ಸಾಕು, ರಾಯಲ್ಟಿ ಬೇಡ ಅಂತ. 1 ಲಕ್ಷ ಡಾಲರ್ ತಗೊಂಡ, ಅಷ್ಟೇ, ಆಲ್ಬಮ್ ಲಕ್ಷಗಟ್ಟಲೆ ಮಾರಾಟ ಆದ್ರೂ ಅದರ ಮೇಲೆ ಒಂದು ಪೈಸೆ ಮುಟ್ಟಲಿಲ್ಲ. 1993ರ ಫೆಬ್ರವರಿ ಚಳೀಲಿ ಮಿನ್ನೆಸೋಟದ ಕ್ಯಾನನ್ ಫಾಲ್ಸ್ ಅನ್ನೋ ಸಣ್ಣ ಊರಿನ ಹತ್ರ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ಎರಡು ವಾರದಲ್ಲಿ ಕೆಲಸ ಮುಗೀತು. ಡ್ರಮ್ ಸುತ್ತ ಮೈಕ್ ಇಟ್ಟಿದ್ದಲ್ದೆ ರೂಮಿನ ತುಂಬ ಮೈಕ್ ಇಟ್ಟ. ಎರಡನೇ ಹಾಡು ಶುರುವಾಗುವಾಗ ಬರೀ ಡ್ರಮ್ ಬರುತ್ತೆ ನೋಡಿ, ಖಾಲಿ ಮನೇಲಿ ಯಾರೋ ಅಟ್ಟದಿಂದ ಅಕ್ಕಿ ಮೂಟೆ ಕೆಳಗೆ ಹಾಕ್ತಾ ಇದಾರೇನೋ ಅನ್ನೋ ಹಾಗೆ ಎದೆಗೆ ಬಂದು ಬೀಳುತ್ತೆ.

ರೆಕಾರ್ಡ್ ಕಂಪನಿಯವರಿಗೆ ಇಷ್ಟ ಆಗ್ಲಿಲ್ಲ, ಗಲಾಟೆ ಆಯ್ತು, ಕೊನೆಗೆ ಎರಡು ಹಾಡನ್ನ ಸ್ಕಾಟ್ ಲಿಟ್ ಹತ್ರ ಮತ್ತೆ ಮಿಕ್ಸ್ ಮಾಡಿಸಿದ್ರು. ಹಾರ್ಟ್-ಶೇಪ್ಡ್ ಬಾಕ್ಸ್ ಒಂದು, ಆಲ್ ಅಪಾಲಜೀಸ್ ಇನ್ನೊಂದು. ಎರಡೂ ಜನಪ್ರಿಯ ಹಾಡು, ಆದ್ರೆ ಅವು ಬಂದಾಗೆಲ್ಲ ಯಾರೋ ಎದ್ದುಹೋಗಿ ಕಿಟಕಿ ಮುಚ್ಚಿದ ಹಾಗಾಗುತ್ತೆ ನನಗೆ.

ಕೋಬೇನ್ ಆಲ್ಬಿನಿ ಹತ್ರ ಹೋಗಿದ್ದಕ್ಕೆ ಒಂದು ಕಾರಣ ಪಿಕ್ಸೀಸ್‌ನ ಸರ್ಫರ್ ರೋಸಾ, 1988ರದ್ದು. ಅದರಲ್ಲಿ ಕಿಮ್ ಡೀಲ್ ದನಿ ಎಲ್ಲಿಂದಲೋ ತೇಲಿ ಬಂದ ಹಾಗೆ ಇರುತ್ತಲ್ಲ, ಅದಕ್ಕೆ ಆಲ್ಬಿನಿ ಅವಳನ್ನ ಸ್ಟುಡಿಯೋದ ಬಾತ್‌ರೂಮಲ್ಲಿ ನಿಲ್ಲಿಸಿ ಹಾಡಿಸಿದ್ದ. ಮಿಷನ್ ಎಫೆಕ್ಟ್ ಅಲ್ಲ, ಗೋಡೆ. ಮುಂದಿನ ವರ್ಷ ಬಂದ ಡೂಲಿಟಲ್‌ನಲ್ಲಿ ಹಾಡುಗಳು ಇನ್ನೂ ಚೆನ್ನಾಗಿವೆ, ಒಪ್ಕೋತೀನಿ, ಆದ್ರೂ ನನ್ನ ಕೈ ಹೋಗೋದು ಸರ್ಫರ್ ರೋಸಾ ಕಡೆಗೇ.

ಪರ್ಲ್ ಜಾಮ್‌ನ ಟೆನ್. ಇಲ್ಲಿ ತುಂಬಾ ಜನ ಅದರ ಅಭಿಮಾನಿಗಳಿದೀರಿ, ಗೊತ್ತು. 1991ರ ಮೂಲ ಮಿಕ್ಸ್‌ನ ನಾನು ಕೇಳೋದೇ ಬಿಟ್ಟಿದೀನಿ. ರಿವರ್ಬ್ ಅನ್ನೋದು ಇಲ್ಲದ ರೂಮನ್ನ ಇದೆ ಅಂತ ನಂಬಿಸೋ ಉಪಾಯ, ಅದರಲ್ಲಿ ಎಡ್ಡಿ ವೆಡರ್ ದನಿ ಬಾವಿಯೊಳಗಿಂದ ಕೂಗಿದ ಹಾಗಿದೆ. 2009ರಲ್ಲಿ ಬ್ರೆಂಡನ್ ಓಬ್ರಿಯನ್ ಅದನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಮಿಕ್ಸ್ ಮಾಡಿದ್ರು, ಅದನ್ನೇ ಕೇಳಿ, ಹಳೇ ನೆನಪಿನ ಮಾತು ಬೇರೆ ಕಿವಿ ಮಾತು ಬೇರೆ. ಆದ್ರೂ ಆ ಮೂಲ ಮಿಕ್ಸ್ ಮಾಡಿದ ಟಿಮ್ ಪಾಮರ್ ಬಗ್ಗೆ ಒಂದು ವಿಷಯ ನನಗೆ ಬಹಳ ಇಷ್ಟ, ಓಷನ್ಸ್ ಅನ್ನೋ ಹಾಡಿಗೆ ಆತ ಕಾಳುಮೆಣಸಿನ ಪುಡಿ ಡಬ್ಬಿ ಅಲ್ಲಾಡಿಸಿ, ಬೆಂಕಿ ಆರಿಸೋ ಸಿಲಿಂಡರ್ ಬಡಿದು ತಾಳ ಹಾಕಿದಾನೆ. ಆ ಥರದ್ದು ಇನ್ನಷ್ಟು ಇದ್ದಿದ್ರೆ ನಾನು ಇಷ್ಟು ಬೈತಿರ್ಲಿಲ್ಲ.

ರೇಡಿಯೋಹೆಡ್‌ನವರು 1997ರ ಓಕೆ ಕಂಪ್ಯೂಟರ್‌ನ ಬಹುಪಾಲು ಮಾಡಿದ್ದು ಇಂಗ್ಲೆಂಡಿನ ಬಾತ್ ಊರಿನ ಹತ್ರ ಒಂದು ಹಳೇ ಬಂಗಲೇಲಿ, ಆಗ ನಟಿ ಜೇನ್ ಸೀಮೋರ್ ಅವರ ಮನೆ ಆಗಿತ್ತು ಅದು. ಎಕ್ಸಿಟ್ ಮ್ಯೂಸಿಕ್ ಹಾಡಲ್ಲಿ ಥಾಮ್ ಯಾರ್ಕ್ ದನಿ ಸುತ್ತ ಇರೋದು ಅಲ್ಲಿನ ಕಲ್ಲಿನ ಮೆಟ್ಟಿಲ ಪ್ರತಿಧ್ವನಿ, ಲೆಟ್ ಡೌನ್ ರೆಕಾರ್ಡ್ ಆಗಿದ್ದು ಬಾಲ್‌ರೂಮಲ್ಲಿ ಬೆಳಗಿನ ಜಾವ ಮೂರು ಗಂಟೆಗೆ. ಆ ಹೊತ್ತಿನ ನಿಶ್ಶಬ್ದ ಗಿಟಾರ್ ತಂತಿಗಳ ನಡುವೆ ಕೂತಿದೆ, ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಸಿಗುತ್ತೆ. ಮಧ್ಯೆ ಆ ಕಂಪ್ಯೂಟರ್ ದನಿ ಮಾತಾಡೋ ಟ್ರ್ಯಾಕ್ ಮಾತ್ರ ನಾನು ಪ್ರತೀ ಸಲ ದಾಟಿಸ್ತೀನಿ, ಐಡಿಯಾ ಅರ್ಥ ಆಗುತ್ತೆ, ಒಂದು ಸಲಕ್ಕೆ ಸಾಕು.

ಒಯಾಸಿಸ್‌ನ ಬಿ ಹಿಯರ್ ನೌ ಕೂಡ ಅದೇ ವರ್ಷದ್ದು, ಬ್ರಿಟನ್ನಲ್ಲಿ ಮೊದಲ ದಿನವೇ 4 ಲಕ್ಷಕ್ಕಿಂತ ಜಾಸ್ತಿ ಮಾರಾಟ ಆಯ್ತು, ಗಿಟಾರ್ ಮೇಲೆ ಗಿಟಾರ್ ಪೇರಿಸಿ ಉಸಿರಾಡೋಕೆ ಜಾಗ ಇಲ್ಲ, ಬೇಡ. ಸ್ಮ್ಯಾಶಿಂಗ್ ಪಂಪ್ಕಿನ್ಸ್‌ನ ಮೆಲನ್ ಕಾಲಿ 28 ಹಾಡು, ಅರ್ಧ ತೆಗೆದಿದ್ರೆ ಆ ದಶಕದ ಶ್ರೇಷ್ಠ ಆಲ್ಬಮ್ ಆಗ್ತಿತ್ತು.

ಈಗ ನನ್ನ ಲೆಕ್ಕಕ್ಕೆ ಸಿಗದೇ ಇರೋ ಒಂದು ಆಲ್ಬಮ್ ಇದೆ. ಮೈ ಬ್ಲಡಿ ವ್ಯಾಲೆಂಟೈನ್‌ನ ಲವ್‌ಲೆಸ್, 1991. ಎರಡು ವರ್ಷ, ಹತ್ತೊಂಬತ್ತು ಸ್ಟುಡಿಯೋ, ಹಾಗಾಗಿ ಅದರಲ್ಲಿ ಯಾವ ರೂಮೂ ಇಲ್ಲ. ಡ್ರಮ್ ಬಹುಪಾಲು ಸ್ಯಾಂಪಲ್, ಅಂದ್ರೆ ಮೊದಲೇ ರೆಕಾರ್ಡ್ ಮಾಡಿಟ್ಟ ತುಣುಕುಗಳನ್ನ ಜೋಡಿಸಿದ್ದು. ಹಾಡುವಾಗ ಇಂಜಿನಿಯರ್ ಕಣ್ಣಿಗೆ ಬೀಳಬಾರದು ಅಂತ ಗಾಜಿಗೆ ಪರದೆ ಕಟ್ಟಿಕೊಂಡಿದ್ರಂತೆ ಬ್ಯಾಂಡಿನ ಕೆವಿನ್ ಶೀಲ್ಡ್ಸ್ ಮತ್ತು ಬಿಲಿಂಡಾ ಬುಚರ್. ಶೀಲ್ಡ್ಸ್ ಗಿಟಾರಿನ ಟ್ರೆಮೊಲೊ ಕಡ್ಡೀನ ಕೈಯಲ್ಲಿ ಹಿಡಿದೇ ಮೀಟ್ತಾನೆ, ಅದಕ್ಕೆ ಸ್ವರ ನಿಂತಲ್ಲಿ ನಿಲ್ಲಲ್ಲ, ನೀರೊಳಗಿನ ಬೆಳಕಿನ ಥರ ಅಲ್ಲಾಡ್ತಾನೇ ಇರುತ್ತೆ. ನಾನು ಇಷ್ಟೊತ್ತು ಹೇಳಿದ್ದಕ್ಕೆಲ್ಲ ಇದು ವಿರುದ್ಧ, ಆದ್ರೆ ಮೂವತ್ತು ವರ್ಷದ ಈ ಗುಡ್ಡೇಲಿ ಒಂದೇ ಒಂದು ಆಲ್ಬಮ್ ಇಟ್ಕೋ ಅಂದ್ರೆ ನಾನು ಇದನ್ನ ಎತ್ಕೊಂಡು ಹೋಗ್ತೀನಿ, ಇನ್ ಯುಟೆರೊನ ಅಲ್ಲ. ಯಾಕೆ ಅಂತ ನನ್ನ ಹತ್ರ ಉತ್ತರ ಇಲ್ಲ, ಕೇಳಿಸ್ತೀನಿ, ನೀವೇ ಹೇಳಿ. ಲೈಟ್ ಬೇಕಾದ್ರೆ ಆರಿಸಿ. ಸೌಂಡ್ ಇನ್ನೂ ಸ್ವಲ್ಪ ಜಾಸ್ತಿ ಇಡಪ್ಪಾ.