ಉಳುಮೆ ಬಿಟ್ಟ ಟ್ರಾಕ್ಟರು ಬಾವಿ ದಡಕ್ಕೆ ಬಂತು

ಕೇಳಿಸ್ತಿದೆಯಾ ಈ ಸದ್ದು? ನಮ್ಮಪ್ಪನ ಎಚ್‌ಎಂಟಿ ಜೀಟರ್ 2511. 25 ಎಚ್‌ಪಿ ಗಾಡಿ. ಎಚ್‌ಎಂಟಿ ಅಂದ್ರೆ ಎಲ್ಲರಿಗೂ ವಾಚೇ ನೆನಪು, ಅಲ್ವಾ? 1971ರಿಂದ ಅವರು ಹರಿಯಾಣದ ಪಿಂಜೋರ್‌ನಲ್ಲಿ ಟ್ರಾಕ್ಟರನ್ನೂ ಮಾಡುತ್ತಿದ್ದರು. ಆ ಕಾರ್ಖಾನೆ ಮುಚ್ಚಿದೆ. ಈ ಗಾಡಿ ಇನ್ನೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ.

ಇದು ಕೋಲಾರದ ಹತ್ತಿರ ನಮ್ಮ ತೋಟ. ತಾತನ ಕಾಲದಲ್ಲಿ ಈ ಬಾವಿಗೆ ಎತ್ತು ಕಟ್ಟಿ, ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಬತ್ತಿತ್ತು. 2018ರಲ್ಲಿ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರತೊಡಗಿತು. ನಮ್ಮೂರ ಕೆರೆ ತುಂಬಿದ ಮೇಲೆ ಬಾವಿಯ ಕಲ್ಲು ಸಂದಿಯಲ್ಲಿ ಒರತೆ ಕಾಣಿಸಿತು. ಅವತ್ತು ಅಪ್ಪ ಮೆಟ್ಟಿಲಿಳಿದು ಒಂದು ಬೊಗಸೆ ನೀರು ತಗೊಂಡು ಸುಮ್ನೆ ನೋಡುತ್ತಾ ನಿಂತಿದ್ದರು.

ಈಗ ನಾಲ್ಕು ದಿನದಿಂದ ಟಿಸಿ, ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟು ಕೂತಿದೆ. ಟೊಮ್ಯಾಟೊ ಹೂ ಬಿಟ್ಟಿದೆ, ಕಾಯೋಕೆ ಆಗಲ್ಲ. ಅದಕ್ಕೇ ಟ್ರಾಕ್ಟರಿನಿಂದಲೇ ಪಂಪು ಓಡಿಸುತ್ತಿದ್ದೇವೆ. ಡೀಸೆಲ್ ಖರ್ಚು ಜಾಸ್ತಿ, ನಿಜ. ಆದರೆ ಹೂ ಉದುರಿದರೆ ಬೆಳೆಯೇ ಹೋಯಿತು.

ಟ್ರಾಕ್ಟರ್ ಹಿಂದೆ ತಿರುಗುವ ಈ ಶಾಫ್ಟೇ ಪಿಟಿಒ, ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ಕೊಡೋದು ಇದೇ. ನಿಮಿಷಕ್ಕೆ 540 ಸುತ್ತು. ನಮ್ಮ ಪಂಪಿಗೆ ಬೇಕಾದದ್ದು 1440. ಅದಕ್ಕೇ ಇತ್ತ 16 ಇಂಚಿನ ಪುಲ್ಲಿ, ಪಂಪಿನ ಕಡೆ 6 ಇಂಚಿನದು. 540ನ್ನು 16ರಿಂದ ಗುಣಿಸಿ 6ರಿಂದ ಭಾಗಿಸಿ, ಸರಿಯಾಗಿ 1440 ಬರುತ್ತದೆ. ಫ್ರೇಮನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಿದ್ದು. ಮೊದಲ ಸಲ ಪಂಪು ಉಲ್ಟಾ ತಿರುಗಿ ನೀರು ಸರಿಯಾಗಿ ಏರಲೇ ಇಲ್ಲ. ಮೈಮೇಲಿನ ಬಾಣದ ಗುರುತು ನೋಡಿಕೊಂಡು, ಪಂಪನ್ನು ಬಿಚ್ಚಿ ತಿರುಗಿಸಿ ಕೂರಿಸಿದೆವು.

ನೀರು ಈಗ 15 ಅಡಿ ಕೆಳಗಿದೆ. ಪಂಪು ದಡದ ಮೇಲಿದ್ದರೆ ನೀರನ್ನು ಮೇಲಕ್ಕೆ ತಳ್ಳೋದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದರ ಮಿತಿ 34 ಅಡಿ. ಕೋಲಾರದಷ್ಟು ಎತ್ತರದಲ್ಲಿ 30ರ ಆಸುಪಾಸು. ಪೈಪು, ಬೆಂಡು, ಪೈಪಿನ ತಳದಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಎಲ್ಲ ಕಳೆದರೆ 20 ಅಡಿ ದಾಟುತ್ತಲೇ ತಕರಾರು ಶುರು. ಬೇಸಿಗೆಯಲ್ಲಿ ನೀರು ಇಳಿದಂತೆ ಪಂಪನ್ನೂ ಕೆಳಗಿಳಿಸಬೇಕು. ಟ್ರಾಕ್ಟರ್ ಇಳಿಯುತ್ತಾ? ಅಲ್ಲಿಗೆ ಈ ಆಟ ಮುಗೀತು.

ಈಗ ನೋಡಿ, ಅಪ್ಪ ಪಂಪಿಗೆ ನೀರು ತುಂಬಿಸುತ್ತಿದ್ದಾರೆ. ಕೊನೆಯ ಚೊಂಬಿನಲ್ಲಿ ಸ್ವಲ್ಪ ಸಗಣಿ ಕದಡಿದ್ದಾರೆ. ಫುಟ್‌ವಾಲ್ವ್ ಸಣ್ಣಗೆ ಸೋರುತ್ತಿದ್ದರೆ ಅದೇ ಹೋಗಿ ಕಚ್ಚಿಕೊಳ್ಳುತ್ತದೆ. ಜಾಯಿಂಟಿಗೆ ಸೈಕಲ್ ಟ್ಯೂಬ್ ಬಿಗಿದು ಸುತ್ತಿದ್ದೇವೆ. ಒಂದು ಸೂಜಿಮೊನೆಯಷ್ಟು ಗಾಳಿ ಎಳೆದರೂ ನೀರು ಏರಲ್ಲ.

“ಮೊದಲು ಟವೆಲ್ ತೆಗೆದಿಡೋ!” ಅಂತ ಅಪ್ಪ ಕೂಗಿದ್ದು ಕೇಳಿಸಿತಲ್ವಾ? ಹೋದ ವರ್ಷ ನನ್ನ ಹೆಗಲ ಟವೆಲ್ಲನ್ನು ಈ ಶಾಫ್ಟು ಒಂದೇ ಸುತ್ತಿಗೆ ಎಳೆದುಕೊಂಡಿತ್ತು. ಕುತ್ತಿಗೆಗೆ ಸುತ್ತಿಕೊಂಡಿರಲಿಲ್ಲ, ಬದುಕಿದೆ. ಅವತ್ತೇ ತಗಡಿನ ಮುಚ್ಚಳ ಹಾಕಿಸಿದೆವು. ನೀವೂ ದಯವಿಟ್ಟು ಹಾಕಿಸಿ.

ಕ್ಲಚ್ ಬಿಟ್ಟರು. ಪೈಪು ಎರಡು ಸಲ ಕೆಮ್ಮಿತು. ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ನಾನು ಕ್ಯಾಮೆರಾ ಇಟ್ಟು, ಗಿಡದ ಸಾಲಿಗೆ ನೀರು ತಿರುಗಿಸಲು ಮಡೆ ಕಟ್ಟೋಕೆ ಓಡಿದೆ.